ಲಿಫ್ಟ್‌ನವನ ಕಾರ್ಡ್

ಮಾರ್ಚ್ 4, ಸಂಜೆ

ನಮ್ಮ ಗುಬ್ಬಿ ಹೊಸ ಹಾಡು ಬಿಟ್ಟಿದ್ದಾಳೆ!! ಏನು ಗಂಟಲು ಮಾರಾಯ್ತಿ... ಫ್ಯಾನ್ ಗ್ರೂಪಿನಲ್ಲಿ ಮೊದಲ ಮೆಸೇಜ್ ನನ್ನದೇ.

ಹೊಸ ಹಾಡು ಬಂದರೆ ಅಕ್ಕನಿಗೂ ನನಗೂ ಒಂದೇ ಇಯರ್‌ಫೋನ್. ಎಡಗಿವಿ ಅವಳಿಗೆ, ಬಲಗಿವಿ ನನಗೆ. ರೂಲ್ ಅದು. ಇವತ್ತು ಕಾದೆ, ಕಾದೆ — ಬರಲೇ ಇಲ್ಲ. ಇಳಿದು ನೋಡಿದರೆ ಮೂರನೇ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಲಿಫ್ಟ್ ಕೆಟ್ಟಾಗಲೆಲ್ಲ ಉಸಿರು ಸುಧಾರಿಸಿಕೊಳ್ಳುವ ಜಾಗ. ಪಕ್ಕದಲ್ಲಿ ಲಿಫ್ಟ್ ರಿಪೇರಿಯವನು. ಎಡಗಿವಿ ಅವಳದು. ಬಲಗಿವಿ — ಅವನದು.

ಅದು ನನ್ನ ಕಿವಿ!

"ಬಾರೇ, ಕೂತ್ಕೋ," ಅಂದಳು ಅಕ್ಕ.

"ಜಾಗ ಇಲ್ಲ," ಅಂದೆ. ಇತ್ತು.

ಮಾರ್ಚ್ 19

ಅಕ್ಕನ ಹೃದಯದ ವಾಲ್ವ್ ಬದಲಾಯಿಸಲೇಬೇಕಂತೆ. ತಡ ಮಾಡಬೇಡಿ ಅಂದರು ಡಾಕ್ಟರ್.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವ ಕೆಲಸ ಅವಳದು. ಇನ್ಶೂರೆನ್ಸ್ ಗಿನ್ಶೂರೆನ್ಸ್ ಏನೂ ಇಲ್ಲ. ಅಮ್ಮ ಹೊರಗೆ ಪಾಲಿಸಿ ವಿಚಾರಿಸಿದಳು. ಒಬ್ಬ ಏಜೆಂಟ್, ಮೊದಲೇ ಇದ್ದ ಕಾಯಿಲೆ, ಆಗಲ್ಲ ಅಂದ. ಇನ್ನೊಬ್ಬ ಆಗುತ್ತೆ ಅಂದ. ಆದರೆ ಕಂತು ಮನೆ ಬಾಡಿಗೆಗಿಂತ ಜಾಸ್ತಿ. ಹೃದಯದ ಖರ್ಚು ಕೊಡೋದು ಮೂರು ವರ್ಷ ಆದ ಮೇಲಂತೆ.

"ಅಲ್ಲೀತನಕ ಹೃದಯಾನ ಎಲ್ಲಿ ಇಟ್ಟಿರೋದಪ್ಪಾ?" ಅಂತ ಕೇಳಿ ಫೋನ್ ಇಟ್ಟಳು ಅಮ್ಮ.

ಮಾರ್ಚ್ 22

ಅಕ್ಕ ಮದುವೆ ಆಗ್ತಾಳಂತೆ. ಲಿಫ್ಟ್‌ನವನನ್ನ. ಮುಂದಿನ ವಾರವೇ, ರಿಜಿಸ್ಟ್ರಾರ್ ಆಫೀಸಿನಲ್ಲಿ. ಅವನ ಕಂಪನಿ ಹೆಲ್ತ್ ಕಾರ್ಡ್ ಕೊಡುತ್ತೆ. ಹೆಂಡತಿಗೂ ಬರುತ್ತೆ, ಹಳೇ ಕಾಯಿಲೆ ಆದರೂ.

ಹುಟ್ಟಿದಾಗಿನಿಂದ ಅವಳ ಪಕ್ಕ ಮಲಗಿರುವವಳು ನಾನು. ಅವಳ ಉಸಿರು ಸ್ವಲ್ಪ ತಪ್ಪಿದರೂ ಎದ್ದು ಕೂರುವವಳು ನಾನು. ಅವನೇನು ಮಾಡಿದ? ಎಣ್ಣೆ ಹಾಕೋಕೆ ಬಂದ, ಜೇಬಲ್ಲಿ ಕಾರ್ಡ್ ಇತ್ತು, ಹೀರೋ ಆದ.

"ಪ್ರೀತಿಗೆ ಆಗ್ತಿದ್ದೀಯೋ, ಕಾರ್ಡಿಗೋ?" ಕೇಳೇಬಿಟ್ಟೆ.

ಅಕ್ಕ ನಕ್ಕಳು. "ಎಲ್ಲರ ಹತ್ರಾನೂ ಕಾರ್ಡ್ ಇದ್ದಿದ್ರೆ ಇನ್ನೂ ಎರಡು ವರ್ಷ ಸತಾಯಿಸ್ತಿದ್ದೆ ಕಣೆ ಅವನನ್ನ. ಆ ಮಜಾನೇ ಹೋಯ್ತು."

ಮಾರ್ಚ್ 30

ಆಯ್ತು. ಸಹಿ ಹಾಕಿದರು, ಜ್ಯೂಸ್ ಕುಡಿದೆವು.

"ಭಾವ ಅನ್ನೇ," ಅಮ್ಮ ತಿವಿದಳು.

"ಲಿಫ್ಟ್ ಅಂದ್ರೇನೇ ತಿರುಗ್ತಾನೆ," ಅಂದೆ. ನಿಜವಾಗಿಯೂ ತಿರುಗಿದ. ಹಲ್ಲು ಬೇರೆ ಕಿರಿದ. ಥೂ.

ಗುಬ್ಬಿ ಶೋಗೆ ಎರಡು ಟಿಕೆಟ್ ಇದ್ದವು — ಅಕ್ಕನದು, ನನ್ನದು. ನನ್ನದನ್ನ ಅಮ್ಮ ಅವನಿಗೆ ಕೊಡಿಸಿದಳು. ಮದುವೆ ಗಿಫ್ಟ್ ಅಂತೆ! ಗುಬ್ಬಿಯ ಒಂದು ಸಾಲೂ ನೆಟ್ಟಗೆ ಹಾಡೋಕೆ ಬರಲ್ಲ ಅವನಿಗೆ.

ಗ್ರೂಪಿಗೆ ಅವರ ಫೋಟೋ ಹಾಕಿದೆ. ಕೆಳಗೆ ಬರೆದೆ: "ಇದು ಮದುವೆ ಅಲ್ಲ ಫ್ರೆಂಡ್ಸ್, ನಮ್ಮಕ್ಕನ ಹೆಲ್ತ್ ಕಾರ್ಡ್ ಶಾಪಿಂಗ್." ಬಿದ್ದು ಬಿದ್ದು ನಕ್ಕರು ಎಲ್ಲ. ಇಷ್ಟು ಲೈಕ್ ಜನ್ಮದಲ್ಲಿ ಬಂದಿರಲಿಲ್ಲ. ಖುಷಿ ಆಯ್ತು. ಹೌದು, ಆಯ್ತು.

ಏಪ್ರಿಲ್ 2

ಡಿಲೀಟ್ ಮಾಡಿದೆ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದು ಊರಿಗೆಲ್ಲ ಹಂಚಿದ್ದಾರೆ. ಕೆಳಗೆ ಜಗಳವೋ ಜಗಳ. ಮೋಸಗಾತಿ ಅಂತ ಅರ್ಧ ಜನ. ಬದುಕೋಕೆ ಮದುವೆ ಆಗೋ ಹಾಗೆ ಮಾಡಿದವರೇ ಮೋಸಗಾರರು, ಕಾರ್ಡ್ ಎಲ್ಲರಿಗೂ ಕೊಡಿ ಅಂತ ಇನ್ನರ್ಧ.

ಒಬ್ಬಳು ಬರೆದಿದ್ದಾಳೆ: "ನಮ್ಮಪ್ಪನಿಗೆ ಮದುವೆ ಆಗೋಕೆ ಕಾರ್ಡ್ ಇರೋರು ಯಾರೂ ಸಿಗಲಿಲ್ಲ. ಹೋಗ್ಬಿಟ್ರು."

ಅದಕ್ಕೆ ಒಂದೂ ಲೈಕ್ ಇಲ್ಲ. ಒತ್ತಿದೆ. ತೆಗೆದೆ. ಮತ್ತೆ ಒತ್ತಿದೆ.

ಏಪ್ರಿಲ್ 11

ಇನ್ಶೂರೆನ್ಸಿನವರು ಆಪರೇಷನ್ ತಡೆದಿದ್ದಾರೆ. ಸ್ಕ್ರೀನ್‌ಶಾಟ್ ಅವರಿಗೂ ಸಿಕ್ಕಿದೆ. ಮದುವೆ ನಿಜವೋ ನಾಟಕವೋ ಅಂತ ವಿಚಾರಿಸೋಕೆ ನಾಳೆ ಮನೆಗೇ ಬರ್ತಾರಂತೆ. ಬರೆದವಳನ್ನೇ ಕೇಳಬೇಕಂತೆ. ನನ್ನನ್ನ.

ಅಕ್ಕ ಬೈಯಲಿಲ್ಲ. ಬೈಯೋಕೆ ಉಸಿರಿಲ್ಲ.

ಅವನೂ ಬೈಯಲಿಲ್ಲ. "ನಿಂಗೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು ಬಿಡು. ನಂಗೂ ಇದೆ. ಬಾಯಿ ತೆಗೆದ್ರೆ ನಿನ್ನ ಸುದ್ದೀನೇ ಅವಳದ್ದು," ಅಂದ.

ಏಪ್ರಿಲ್ 12, ಬೆಳಿಗ್ಗೆ

ಏನು ಹೇಳಲಿ... ಪ್ರಾಕ್ಟೀಸ್ ಮಾಡ್ತಿದ್ದೀನಿ.

ಇಷ್ಟು ದಿನ ಅವನನ್ನ ಕದ್ದು ನೋಡಿದ್ದೇ ಕೆಲಸ. ತಪ್ಪು ಹುಡುಕೋಕೆ. ಸಿಕ್ಕಿದ್ದೇನು? ಲಿಫ್ಟ್ ಚೆನ್ನಾಗಿರುವ ದಿನವೂ ಬಂದು ಎಣ್ಣೆ ಹಾಕುವ ಪುಣ್ಯಾತ್ಮ. ಅಕ್ಕ ಕೂರುವ ಮೆಟ್ಟಿಲು ತಣ್ಣಗಿರುತ್ತೆ ಅಂತ ಕುಶನ್ ತಂದಿಟ್ಟ. ನಾನು ಬಚ್ಚಿಟ್ಟೆ. ಇನ್ನೊಂದು ತಂದ. ಅದನ್ನೂ ಬಚ್ಚಿಟ್ಟೆ. ಮತ್ತೊಂದು ತಂದ, ಹಗ್ಗ ಹಾಕಿ ಕಂಬಿಗೆ ಕಟ್ಟಿದ. ಗುಬ್ಬಿ ಹಾಡು? ಒಬ್ಬನೇ ಕೆಲಸ ಮಾಡುವಾಗ ಒಂದಕ್ಷರ ತಪ್ಪದೆ ಹಾಡ್ತಾನೆ, ಬಾಗಿಲ ಸಂದಿಯಿಂದ ಕೇಳಿದ್ದೀನಿ. ಅಕ್ಕನ ಮುಂದೆ ಮಾತ್ರ ತಪ್ಪು. ಅವಳು ನಗಲಿ ಅಂತ.

ಯಾರಿಗೂ ಹೇಳಿರಲಿಲ್ಲ ಇದನ್ನ.

ಅಲ್ಲ, ಹೇಳಬೇಕಾದರೂ ಯಾಕೆ? ವಾಲ್ವಿಗೂ ಕುಶನ್ನಿಗೂ ಏನು ಸಂಬಂಧ? ಯಾರೂ ಪ್ರೀತಿಸದವರಿಗೆ ಉಸಿರು ಬೇಡವಾ? ಇದನ್ನೂ ಕೇಳ್ತೀನಿ. ಮೊದಲು ಆಪರೇಷನ್‌ಗೆ ಒಪ್ಪಿಗೆ ಕೊಡಲಿ.

ಬೆಲ್.

ಲಿಫ್ಟ್ ಕೆಟ್ಟಿದೆ ಇವತ್ತು — ಆಫೀಸರ್ ಹತ್ತಿಕೊಂಡೇ ಬಂದಿದ್ದಾರೆ. ಏದುಸಿರು ಇಲ್ಲಿಗೂ ಕೇಳುತ್ತೆ. ನೀರು ಕೇಳ್ತಿದ್ದಾರೆ. "ಮೂರನೇ ಮಹಡೀಲಿ ಯಾರೋ ಕುಶನ್ ಕಟ್ಟಿದ್ದಾರಲ್ಲಮ್ಮ, ಒಳ್ಳೇದಾಗ್ಲಿ ಅವರಿಗೆ. ಕೂತು ಬಂದೆ."

ಅಮ್ಮ ಕರೀತಿದ್ದಾಳೆ. ಮೊದಲ ವಾಕ್ಯ ರೆಡಿ ಇದೆ:

ಸಾರ್, ಆ ಕುಶನ್ ಕಟ್ಟಿದ್ದು ನಮ್ಮ ಭಾವ —