ಗಿಡಕ್ಕೆ ಕಟ್ಟುವ ಗಂಟು

ಮೂಡಲಗಿ
18 ಮಾರ್ಚ್ 2025

ಯವ್ವಾ,

ನಿನ್ನ ಮಗಳು ವಿದ್ಯಾಳ ನಮಸ್ಕಾರ. ಹೊಳೆಪ್ಪಕಾಕಾ ನಾಳೆ ಜೋಳದ ಹಿಟ್ಟು ತೆಗೆದುಕೊಂಡು ಅಂಕಲಗಿಗೆ, ನಮ್ಮ ಕುರಿಹಟ್ಟಿಗೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಫೋನ್ ಮಾಡಿದರೆ ಸಿದ್ರಾಯಣ್ಣ ಎತ್ತುವುದಿಲ್ಲ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಮರಿಗಳು ಸತ್ತು ಒಂಬತ್ತು ದಿನವಾಯಿತು. ನನಗೆ ಇನ್ನೂ ಅಳು ಬಂದಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುತ್ತೇನೆ, ಮೂರನೆಯ ಇಯತ್ತೆಯ ಹಾಜರಿ ಕರೆಯುತ್ತೇನೆ. ಅಣ್ಣನ ಮಗಳು ಮಾಯವ್ವನ ಹೆಸರು ಬಂದಾಗ ಗೈರು ಎಂದು ಬರೆದು ಮುಂದಿನ ಹೆಸರು ಕೂಗುತ್ತೇನೆ.

ಗೋಕಾಕ ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕ ಎಂಟು ಪುಟದ ಪುಸ್ತಿಕೆ ನಿನಗೆ ನೆನಪಿರಬೇಕು. ಆಡು ಗಿಡದ ವೈರಿ ಎಂದು ಅದರಲ್ಲಿತ್ತು. ಅದನ್ನೇ ಘೋಷಣೆ ಮಾಡಿ ಇಪ್ಪತ್ತೆಂಟು ಮಕ್ಕಳಿಂದ ದಿನವೂ ಕೂಗಿಸಿದೆ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಮ್ಮ ಮಾಯಿ. ಹಟ್ಟಿಯಲ್ಲಿ ಹುಟ್ಟಿದ ಹುಡುಗಿ ಹಾಗೆ ಕೂಗಿದ್ದು ನನಗೆ ಹೆಮ್ಮೆಯಾಗಿತ್ತು. ನಮ್ಮ ಹಿಂಡು ತಂಗಿದ ಹೊಲದಲ್ಲಿ ಪೈರು ಕಪ್ಪಾಗಿ ಏಳುತ್ತದೆ, ಅದಕ್ಕೇ ಹೊಲದವರು ಕರೆಯುತ್ತಾರೆ ಎಂದು ನೀನು ಎಷ್ಟು ಸಲ ಹೇಳಿದ್ದೆ. “ನಿನ್ನ ಪುಸ್ತಕಾ ಬರದಾಂವ ಒಂದ ದಿನಾರ ಹಿಕ್ಕಿ ತುಳದಾನೇನ?” ಎಂದು ನಕ್ಕಿದ್ದೆ. ಅಚ್ಚಾಗದ ಮಾತನ್ನು ನಾನು ಆಗ ನಂಬುತ್ತಿರಲಿಲ್ಲ.

ಆ ಆದಿತ್ಯವಾರ ನೀನು ಕಣ್ಣು ತೋರಿಸಲು ಘಟಪ್ರಭಾಕ್ಕೆ ಹೋಗಿದ್ದೆ. ಅಣ್ಣ, ವೈನಿ ಹಿಂಡು ಹೊಡೆದುಕೊಂಡು ಹೋಗಿದ್ದರು. ಹಟ್ಟಿಯಲ್ಲಿ ಉಳಿದದ್ದು ಸುತ್ತ ಬಲೆ ಕಟ್ಟಿ ಕೂಡಿಹಾಕಿದ್ದ ಮರಿಗಳು, ಶಾಲೆಗೆ ರಜೆಯೆಂದು ಬಂದಿದ್ದ ಮಾಯಿ ಮತ್ತು ನಾನು. ಮಧ್ಯಾಹ್ನಕ್ಕೆ ಮೊದಲು ಮಾಯಿ ಬಂದು, “ಅತ್ತಿ, ಆಡಿನ ಅವಳಿ ಮರಿ ಇನ್ನ ಗಿಡಾ ತಿನ್ನೂದಿಲ್ಲ. ಹಂಗ ಮಾಡೇನಿ” ಎಂದಳು. ನಾನು ಶಾಲೆಯ ಹಲಗೆಗೆ ‘ಮರ ಉಳಿಸಿ’ ಎಂದು ಬಣ್ಣ ತುಂಬುತ್ತಿದ್ದೆ. ತಲೆ ಎತ್ತದೆ “ಶಾಣ್ಯಾಕಿ ನೀ” ಎಂದೆ. ಇದನ್ನು ಯಾರಿಗೂ ಹೇಳಿಲ್ಲ.

ಅವಳು ಎರಡೂ ಮರಿಗಳ ಬಾಯಿಗೆ ದಾರ ಸುತ್ತಿ ಕಟ್ಟಿದ್ದಳು. ಬಾಯಿ ಕಟ್ಟಿದ ಮರಿ ಬಿಸಿಲಲ್ಲಿ ಏದುಸಿರು ಬಿಡಲಾರದು. ಸಂಜೆ ಹಿಂಡು ಬಂದಾಗ ಎರಡೂ ಸೆಟೆದಿದ್ದವು. ತಾಯಿ ಆಡು ಕೆಚ್ಚಲು ತುಂಬಿಕೊಂಡು ಅವುಗಳ ಬಳಿ ನಿಂತು ಕೂಗುತ್ತಿತ್ತು. ದಾರ ಚುಚ್ಚದಿರಲೆಂದು ಮಾಯಿ ಒಳಗೆ ತನ್ನ ರಿಬ್ಬನ್ನಿನ ತುಂಡು ಇಟ್ಟಿದ್ದಳು. ಗಂಟು ಎಂಟರ ಆಕಾರದ್ದು. ಸಸಿಯನ್ನು ಕೋಲಿಗೆ ಕಟ್ಟುವಾಗ ಕಾಂಡಕ್ಕೆ ನೋವಾಗಬಾರದು ಎಂದು ನಾನೇ ಅವಳ ಬೆರಳು ಹಿಡಿದು ಕಲಿಸಿದ ಗಂಟು.

“ಯಾರ ಕಲಿಸಿದ್ರು ನಿನಗ ಇದನ್ನ?” ಎಂದು ಅಣ್ಣ ಕೇಳಿದ. ಮಾಯಿ ನನ್ನ ಮುಖ ನೋಡಿದಳು. ನಾನು ಬಲೆ ನೋಡಿದೆ. “ಯಾರೂ ಕಲಿಸಿಲ್ಲ ಯಪ್ಪಾ, ನಾನ ಕಟ್ಟೇನಿ” ಎಂದಳು. ಅಣ್ಣ ಹೊಡೆಯಲಿಲ್ಲ. “ಸಾಲಿ ಸಾಕು. ನಾಳಿಂದ ಕುರಿ ಹಿಂದ ನಡಿ” ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ನೀನು ಬರುವಷ್ಟರಲ್ಲಿ ಮರಿಗಳನ್ನು ಹೂತಾಗಿತ್ತು. ತಪ್ಪು ಹುಡುಗಿಯದೆಂದು ತೀರ್ಮಾನವೂ ಆಗಿತ್ತು.

ಗಿಡಗಳ ಮೇಲಿನ ನನ್ನ ಹಟ ಹೋಗಿಲ್ಲ, ಯವ್ವಾ. ನಾಳೆಯೂ ಮಕ್ಕಳಿಂದ ಸಸಿಗಳಿಗೆ ನೀರು ಹಾಕಿಸುತ್ತೇನೆ. ಆ ಘೋಷಣೆಯನ್ನು ಮಾತ್ರ ಅಳಿಸಿದೆ. ಯಾಕೆಂದು ಮಕ್ಕಳು ಕೇಳಿದರು. ನಾನು ತಪ್ಪು ಕಲಿಸಿದ್ದೆ ಎಂದೆ. ಇಪ್ಪತ್ತೇಳು ಮಕ್ಕಳೆದುರು ಬಂದ ಮಾತು ಅಣ್ಣನೊಬ್ಬನ ಎದುರು ಬರಲಿಲ್ಲ. ಆದಿತ್ಯವಾರ ಬಂದು ಅವನೆದುರು ನಿಂತು ಹೇಳುತ್ತೇನೆ. ಹಿಂಡು ಹುಕ್ಕೇರಿ ಕಡೆ ಹೊರಡುವ ಮೊದಲು ಮಾಯಿಯನ್ನು ನನ್ನ ಜೊತೆ ಕಳಿಸಲು ನೀನು ಅವನಿಗೆ ಹೇಳಬೇಕು. ಅವಳ ಪರೀಕ್ಷೆ ಇಪ್ಪತ್ತೇಳಕ್ಕೆ ಇದೆ.

ನಿನ್ನ ಮಗಳು,
ವಿದ್ಯಾ

ತಾ.ಕ.: ಮಾಯಿ, ಹಟ್ಟಿಯಲ್ಲಿ ಓದಲು ಬರುವವಳು ನೀನೊಬ್ಬಳೇ. ಅಕ್ಷರ ದೊಡ್ಡದು ಮಾಡಿದ್ದು ನಿನಗಾಗಿ. ಅತ್ತಿಯ ತಪ್ಪು ಇರುವ ಸಾಲುಗಳನ್ನು ನಿನ್ನ ಆಯಿಗೆ, ನನ್ನ ಯವ್ವಗೆ, ಓದದೆ ಬಿಟ್ಟಿರುತ್ತೀ, ನನಗೆ ಗೊತ್ತು. ಹಾಗೆ ಮಾಡಬೇಡ. ಸಂಜೆ ಅಪ್ಪ ಬಂದು ಕೂತ ಮೇಲೆ ಮೊದಲಿನಿಂದ, ಗಟ್ಟಿಯಾಗಿ ಓದು.