ಕೊಂಡಿ ಇಲ್ಲದ ಸೀರೆಗಳು

ಅಪ್ಪಾ,

ಇವತ್ತು ಇಳಕಲ್‌ನ ನಮ್ಮ ನೇಕಾರರ ಸಂಘದಲ್ಲಿ ಗುಮಾಸ್ತೆಯಾದ ನಿನ್ನ ಮಗಳು ಮೋಸ ಹಿಡಿದಳು. ಎದೆಯುಬ್ಬಿಸಿಕೊಂಡೇ ಬರೆಯುತ್ತಿದ್ದೇನೆ.

ಕೈಮಗ್ಗದ ಸೀರೆಗೆಂದು ಇರುವ ಸಂಘದ ಮೊಹರನ್ನು ನಮ್ಮ ಕಾರ್ಯದರ್ಶಿ ಯಂತ್ರದ ಸೀರೆಗಳಿಗೆ ಹೊಡೆದು ಮಾರುತ್ತಿದ್ದ. ತಪಾಸಣೆಗೆ ಬಂದ ಅಧಿಕಾರಿ ಕಾಗದಗಳನ್ನಷ್ಟೇ ನೋಡಿ, ಎಲ್ಲ ಸರಿಯಿದೆ ಎಂದು ಎದ್ದು ನಿಂತಿದ್ದರು. ನಾನು ಒಂದು ಸೀರೆ ಬಿಚ್ಚಿ, ನೀನು ಕಲಿಸಿದಂತೆ ಕಣ್ಣು ಮುಚ್ಚಿ, ಒಡಲೂ ಸೆರಗೂ ಕೂಡುವಲ್ಲಿ ಬೆರಳಾಡಿಸಿದೆ. ಎಳೆಗೆ ಎಳೆ ಸೇರಿಸಿ ಕೈಯಿಂದ ಹಾಕಿದ ಕೊಂಡಿ ಬೆರಳಿಗೆ ಸಿಗಬೇಕಲ್ಲ? ಅಲ್ಲಿ ಬರೀ ನುಣುಪು.

"ಸಾಹೇಬ್ರ, ಇದಕ್ಕ ಕೊಂಡಿನ ಇಲ್ರಿ. ಇದು ನಮ್ಮ ಮಗ್ಗದ್ದಲ್ಲ," ಎಂದೆ.

ಕಾರ್ಯದರ್ಶಿ ನಕ್ಕ. "ಕುರ್ಚಿ ಮ್ಯಾಲ ಕುಂತ ಬರಿಯಾಕಿಗೆ ಕೊಂಡಿ ಏನ್ ತಿಳಿತೈತ್ರಿ?"

ಅಧಿಕಾರಿ ನಗಲಿಲ್ಲ. ಕೊಂಡಿ ಹಾಕುತ್ತಲೇ ಮುದುಕಿಯಾದ ಶಾರವ್ವನನ್ನು ಕರೆಸಿದರು. ಆಕೆ ಕಪಾಟಿನ ಸೀರೆಗಳನ್ನೆಲ್ಲ ಮುಟ್ಟಿ ನೋಡಿ, ಅರವತ್ತೆರಡನ್ನು ಆಚೆ ಎಸೆದಳು. "ಖರೆ ಐತ್ರಿ. ಪಾಂಡಪ್ಪನ ಮಗಳ ಬೆರಳು ಸುಳ್ಳ ಹೇಳಂಗಿಲ್ಲ."

ಇನ್ನು ಇಬ್ಬರು ನೇಕಾರರು ಕೊಂಡಿ ಮುಟ್ಟಿ ನೋಡದೆ ಯಾವ ಸೀರೆಗೂ ಮೊಹರು ಬೀಳುವುದಿಲ್ಲ. ಅಧಿಕಾರಿ ಒಪ್ಪಿದ ಆ ನಿಯಮ ಬರೆದವಳು ನಾನೇ.

ಹೊರಡುವಾಗ ಅಧಿಕಾರಿ, ಈ ಬಗ್ಗೆ ಮೊದಲು ಯಾರೂ ದೂರು ಕೊಟ್ಟಿರಲಿಲ್ಲವೇ ಎಂದು ಕೇಳಿದರು. ನನ್ನ ಮೇಜಿನ ಕೆಳಗಿನ ಖಾನೆಯಿಂದ ನಿನ್ನ ಅರ್ಜಿ ತೆಗೆದುಕೊಟ್ಟೆ. ನೀನು ತೀರಿಕೊಳ್ಳುವ ಹಿಂದಿನ ವರ್ಷ ಕೊಟ್ಟದ್ದು. 'ತಲುಪಿದೆ' ಎಂಬಲ್ಲಿ ಇರುವ ಸಹಿ ನನ್ನದು.