ನಾನು ಪಥ್ಯ ಬಿಟ್ಟಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಾನು ಪಥ್ಯ ಬಿಟ್ಟವಳೆಂದು ತಮ್ಮ ಕಚೇರಿಯ ದಾಖಲೆ ಹೇಳುತ್ತದೆ. ಅದು ಸುಳ್ಳು. ಮರಾಠಿಯಲ್ಲಿ ಕೊಟ್ಟ ಎರಡು ಅರ್ಜಿಗಳಿಗೆ ತಾವು ಉತ್ತರಿಸಲಿಲ್ಲ. ಆದ್ದರಿಂದ ಇದನ್ನು ನನ್ನ ತವರಿನ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ಇಳಿಸಲು ಹನ್ನೆರಡು ವಾರ, ದಿನಕ್ಕೆ ಎಂಟುನೂರು ಕ್ಯಾಲೊರಿ ಮಾತ್ರ: ಯೋಜನೆ ತಮ್ಮದೇ. ಮೂರು ಹೊತ್ತು ಪುಡಿ ಕಲಸಿದ ಗಂಜಿ, ಒಂದು ಬಟ್ಟಲು ಬೇಯಿಸಿದ ಸೊಪ್ಪು. ವೈದ್ಯರ ನಿಗಾ ಕಡೆಯವರೆಗೂ ಇರುತ್ತದೆಂದು ಭರವಸೆ ಕೊಟ್ಟಿರಿ, ನಾನು ಒಪ್ಪಿದೆ. ಹಸಿವು ಎರಡನೆಯ ವಾರಕ್ಕೆ ಪಳಗಿತು. ಪಳಗದೆ ಉಳಿದದ್ದು ಮಧ್ಯಾಹ್ನದ ಒಂದು ಗಂಟೆ. ಮೂವತ್ತೊಂದು ವರ್ಷ ನನ್ನೆದುರು ಕೂತು ಉಂಡ ನಮ್ಮ ಯಜಮಾನರು, ಓಂಪ್ರಕಾಶ ಅವರು, ಬುತ್ತಿ ಕಟ್ಟಿಸಿಕೊಂಡು ಬಟ್ಟೆ ಅಂಗಡಿಗೆ ಹೋಗತೊಡಗಿದರು. “ನಿನ್ನ ಮುಂದ ಕೂತು ರೊಟ್ಟಿ ಮುರೀಲಾಕ ನನಗ ಮನಸ್ಸ ಬರಲ್ಲ,” ಎಂದರು. ಪ್ರೀತಿಯಿಂದಲೇ ಅಂದ ಮಾತು. ಆ ಪ್ರೀತಿಯಿಂದಾಗಿ ನಾನು ದಿನವೂ ಬರಿದಾದ ಅಡುಗೆಮನೆಯಲ್ಲಿ ಗಂಜಿ ಕುಡಿದೆ. ಓಣಿಯವರೂ ಕರೆಯುವುದನ್ನು ಬಿಟ್ಟರು. ಉಣ್ಣದವಳನ್ನು ಯಾವ ಮನೆಯ ಕಾರ್ಯಕ್ಕೆ ಕರೆದಾರು?

ಆ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಿದ್ದವಳು ತಮ್ಮ ಆಹಾರ ಸಲಹೆಗಾರ್ತಿ ಮೀನಲ. ಉದಗೀರದ ಹುಡುಗಿ, ಅರೆಬರೆ ಕನ್ನಡ. “ಅಕ್ಕಾ, ಕುಡದ್ರೇನ್ರಿ? ಸಾವಕಾಶ ಕುಡೀರಿ. ಮುಗಿಯೂತನಾ ನಾ ಫೋನಿನ್ಯಾಗ ಇರ್ತೀನಿ.” ನನ್ನ ತೂಕ, ಬಿಪಿ ಕೇಳಿ ತಮ್ಮ ವೈದ್ಯರಿಗೆ ಮುಟ್ಟಿಸುತ್ತಿದ್ದವಳೂ ಅವಳೇ. ಏಳನೆಯ ವಾರ ಆ ಫೋನು ನಿಂತಿತು. ಅವಳ ಗುತ್ತಿಗೆ ಮುಗಿಯಿತಂತೆ. ನನ್ನ ಹಸಿವಿನ ಗುತ್ತಿಗೆ ಇನ್ನೂ ಐದು ವಾರವಿತ್ತು, ಮಾನ್ಯರೇ.

ಒಂಬತ್ತನೆಯ ವಾರ, ತುರೋರಿಯ ಬಸ್ ನಿಲ್ದಾಣದಲ್ಲಿ ಬಸ್ಸು ಬಂತೆಂದು ಎದ್ದವಳು ಹಾಗೇ ಕುಸಿದುಬಿದ್ದೆ. ಯಾರೋ ಪುಣ್ಯಾತ್ಮರು ಖಾಸಗಿ ದವಾಖಾನೆಗೆ ಸೇರಿಸಿದರು. ಅಲ್ಲಿನ ಡಾಕ್ಟರು ನನ್ನ ಚೀಟಿ ನೋಡಿ, “ತೂಕ ಇಷ್ಟ ಇಳದಾಗ ಈ ಬಿಪಿ ಗುಳಗಿ ಕಡಿಮಿ ಮಾಡಬೇಕಾಗಿತ್ತು. ನಿಮಗ ಯಾರೂ ಹೇಳಿಲ್ಲೇನ್ರಿ?” ಎಂದು ಕೇಳಿದರು. ನಿಗಾ ಇಡುವ ಯೋಜನೆಯಲ್ಲಿ ಹೇಳುವವರೇ ಇಲ್ಲವೆಂದು ಯಾವ ಬಾಯಿಯಿಂದ ಹೇಳಲಿ? ಗುಳಿಗೆ ಕಡಿಮೆ ಮಾಡಿ, ಉಳಿದ ವಾರಗಳಲ್ಲಿ ಅವರೇ ನೋಡಿಕೊಂಡರು.

ಹನ್ನೆರಡೂ ವಾರ ಮುಗಿಸಿದೆ. ಹದಿಮೂರು ಕಿಲೋ ಇಳಿದೆ, ಸಕ್ಕರೆ ಹದಕ್ಕೆ ಬಂತು. ತಪಾಸಣೆಯ ಕಾಗದ ಹಿಡಿದು, ಒಬ್ಬರಾದರೂ “ಶಾಭಾಶ್” ಅಂದಾರೆಂದು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ವಹಿ ತೆಗೆದರು.

“ಬಾಯೀ, ನೀವು ಪಥ್ಯ ಬಿಟ್ಟೀರಿ ಅಂತ ಬರದದ. ಫೋನಿಗಿ ಉತ್ತರಾ ಕೊಟ್ಟಿಲ್ಲಂತ.”

“ಫೋನ ಮಾಡ್ದೋರು ಯಾರ್ರೀ?”

“ಆ ಹುದ್ದಿ ಖಾಲಿ ಅದರೀ.”

ಖಾಲಿ ಹುದ್ದೆ ಫೋನು ಮಾಡಿತು, ನಾನು ಎತ್ತಲಿಲ್ಲ! ಇಂಥ ಅಪರಾಧಕ್ಕೆ ಯಾವ ಕಾಯಿದೆಯಲ್ಲಿ ಶಿಕ್ಷೆಯಿದೆ, ಮಾನ್ಯರೇ?

ಕಳೆದ ಸೋಮವಾರ ಪಕ್ಕದ ಮನೆಯ ಅಂಬುಬಾಯಿ ಇದೇ ಯೋಜನೆಗೆ ಸೇರಿದ್ದಾರೆ. ಅವರೂ ಬಿಪಿ ಗುಳಿಗೆ ನುಂಗುವವರೇ. ನಿನ್ನೆ ಬಂದು ಮೆಲ್ಲಗೆ, “ಮಧ್ಯಾಹ್ನದಾಗ ಬಂದು ಬಾಜೂಕ ಕೂಡ್ತೀರೇನ್ರಿ?” ಎಂದು ಕೇಳಿದರು. ಕೂಡುತ್ತೇನೆ. ಅಷ್ಟು ನನ್ನಿಂದಾಗುತ್ತದೆ. ಗುಳಿಗೆ ಎಂದು, ಎಷ್ಟು ಕಡಿಮೆ ಮಾಡಬೇಕೆಂದು ಹೇಳುವುದು ನನ್ನಿಂದಾಗದು. ನನ್ನ ಹೆಸರಿನ ಮುಂದಿನ ಸುಳ್ಳನ್ನು ಸಾವಕಾಶ ತಿದ್ದಿರಿ. ಸಲಹೆಗಾರರನ್ನು ಮಾತ್ರ ಈ ವಾರವೇ ನೇಮಿಸಿರಿ, ಅಂಬುಬಾಯಿ ಬೀಳುವ ಮೊದಲು.

ಇಂತಿ,
ತಮ್ಮ ನಿಗಾ ಇಲ್ಲದೆಯೂ ಬದುಕಿದ
ಗಿರಿಜಾಬಾಯಿ, ಉಮರ್ಗಾ